ಸೀಬೆ ಎಲೆ

ರಾತ್ರಿ ಹತ್ತೂವರೆ. ಗೇಟಿನ ಚಿಲಕ
ಸದ್ದಾಗದಂತೆ ತೆಗೆದು ಬಂದ ಮಗ,
ಬಾಯ್ತುಂಬ ಸೀಬೆ ಎಲೆ ಅಗಿಯುತ್ತ.

ಈ ಉಪಾಯ ನಾನು ಹೇಳಿಕೊಟ್ಟಿಲ್ಲ.
ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ನಾಲೆ ಏರಿ ಮೇಲೆ ಲಿಖಿತ್, ಚಿರಂತು
ತೊಂಬತ್ತರ ಪ್ಯಾಕೆಟ್ಟಿಗೆ ಸ್ಟ್ರಾ ಚುಚ್ಚಿ
‘ಒಂದ್ ಗುಟುಕು, ಗಂಡ್ಸಲ್ವೇನ್ಲಾ?’ ಅಂದಿರಬೇಕು.
ಗಾಳಿಗೋ ಫ್ಯಾಕ್ಟರಿಯ ಕಾಕಂಬಿ ನಾತ.
ಮಂಡ್ಯದಲ್ಲಿ ಹುಟ್ಟಿದ ಕೂಸು
ಮೊದಲ ಉಸಿರಿಗೇ ಕುಡಿಯುವುದು ಅದನ್ನ.

ಲೋಟ ಹಿಡಿದರೆ ಅವನ ಕಿರುಬೆರಳು
ಎತ್ತಿಯೇ ಇರುತ್ತದೆ, ಬರೀ ನೀರಾದರೂ.
ನನಗೂ ಹಾಗೇ. ಅಪ್ಪನಿಗೂ.

ನಾನು ಬಿಟ್ಟು ಒಂಬತ್ತು ವರ್ಷ.
ಬಯ್ಯಲು ಬಾಯಿ ತೆರೆದೆ;
ನಾಲಿಗೆ ಮೇಲೆ ಹಳೇ ಒಗರು.

ಬೆಳಗ್ಗೆ ಹಿತ್ತಿಲಲ್ಲಿ ನೋಡಿದೆ:
ಕೈಗೆಟುಕುವ ಕೊಂಬೆಯೆಲ್ಲ ಬೋಳು.
ಒಂದು ರಾತ್ರಿಯದಲ್ಲ ಇದು.

ಹಣ್ಣಿಗೆಂದೇ ಅಪ್ಪ ನೆಟ್ಟದ್ದು
ಅಂದುಕೊಂಡಿದ್ದೆ.