ಹಲಗೆಹಾವು

ಮೂಗಿನ ತುದಿಗೆ ಎರಡು ಮಾಂಸದ ಕುಡಿ,
ಬಳ್ಳಿ ಚಿಗುರಿದ ಹಾಗೆ.
ನೀರು ಅಲುಗಿದ್ದು ಅದಕ್ಕೆ ಅಲ್ಲಿ ಗೊತ್ತಾಗುತ್ತದೆ,
ನಮ್ಮ ಮೊಣಕೈ ರೋಮಕ್ಕೆ ಗಾಳಿ ಗೊತ್ತಾದಂತೆ.

ತೋನ್ಲೆ ಸಾಪ್. ಮುಳುಗಿದ ಕಾಡು.
ಮಳೆಗಾಲಕ್ಕೆ ಇಲ್ಲಿ ನದಿ ಹಿಂದಕ್ಕೆ ಹರಿಯುತ್ತದೆ,
ಮರದ ನೆತ್ತಿಗೆ ದೋಣಿ ಕಟ್ಟುತ್ತೇವೆ,
ಹಕ್ಕಿ ಕೂರುವ ಕೊಂಬೆಯಲ್ಲಿ ಮೀನು ತೂಕಡಿಸುತ್ತದೆ.

ಅಲ್ಲೇ ಅದು.
ಬಾಲ ಬೇರಿಗೆ ಸುತ್ತಿ, ಕುಡುಗೋಲಿನ ಹಾಗೆ ಕತ್ತು ಬಾಗಿಸಿ
ನಿಂತುಬಿಟ್ಟರೆ
ಪಾಚಿಯೂ ನಂಬಿ ಮೈಮೇಲೆ ಬಿಡಾರ ಹೂಡುತ್ತದೆ.
ಅರ್ಧ ಗಂಟೆಗೊಮ್ಮೆ ಉಸಿರು,
ಅದೂ ನೆರೆಮನೆಯಲ್ಲಿ ಉಪ್ಪು ಕೇಳುವವರ ಹಾಗೆ, ಮೆಲ್ಲಗೆ.

ಮೀನು ಬರುತ್ತದೆ, ಆ ಬಾಗಿನ ಒಳಕ್ಕೆ.
ಹಾವು ಕತ್ತಿನ ಕೆಳಗೆಲ್ಲೋ ಮೈಯನ್ನೊಮ್ಮೆ ಸಣ್ಣಗೆ ಜಾಡಿಸುತ್ತದೆ.
ಅಷ್ಟೇ.
ಬೆಚ್ಚಿದ ಮೀನು
ಅಲುಗಿದ ಕಡೆಯಿಂದ ದೂರ, ದೂರ,
ಬದುಕಿದೆ ಎಂದುಕೊಂಡು
ನೇರ ಬಾಯಿಗೆ.
ಅದು ಬರಲಿರುವ ಜಾಗಕ್ಕೆ ಬಾಯಿ ಮೊದಲೇ ಹೊರಟಿರುತ್ತದೆ.

ಇದನ್ನು ನನಗೆ ಹೇಳಿಕೊಟ್ಟವಳು ಖೋಯುನ್ ಅಜ್ಜಿ,
ತಿಕ್ಕುತ್ತಿದ್ದ ಪಾತ್ರೆ ಕೆಳಗಿಟ್ಟು
ಒದ್ದೆ ಬೆರಳೆರಡರಲ್ಲಿ ಮಾಡಿ ತೋರಿಸಿ.
'ನಾವೂ ಒಮ್ಮೆ ಸದ್ದಿಗೆ ಹೆದರಿ ಓಡಿದ್ದೆವು,
ಆರು ಜನ' ಎಂದಳು.
ಮತ್ತೆ ಪಾತ್ರೆ ಎತ್ತಿಕೊಂಡಳು.

ಈಗ ಬಲೆಗೆ ಬಿದ್ದದ್ದೆಲ್ಲ ಕಿಲೋ ಲೆಕ್ಕ.
ಮೊಸಳೆ ಸಾಕುವವರ ಕಡೆಯಿಂದ ಫೀರುಮ್ ಮಾವ ಬರುತ್ತಾನೆ,
ಹೊಗೆಯುಗುಳುವ ದೋಣಿ, ತುಕ್ಕು ಹಿಡಿದ ತಕ್ಕಡಿ.
ಯಾವ ಹಾವಾದರೂ ಒಂದೇ ಚೀಲ.
ಇದಕ್ಕೆ ಮಾತ್ರ ಮೂಗು ಮುರಿಯುತ್ತಾನೆ: ಮಾಂಸವೆಲ್ಲಿದೆ ಇದರಲ್ಲಿ?
ಕೈಗೆತ್ತಿದರೆ ಕಚ್ಚದು, ಹೊರಳದು,
ಸೌದೆ ಚೂರಿನಂತೆ ಸೆಟೆದುಕೊಳ್ಳುತ್ತದೆ.
ಥಾಯಿ ಜನ ಹಲಗೆಹಾವು ಅನ್ನುತ್ತಾರಂತೆ.
ಕಂಡವರೇ ಇಟ್ಟ ಹೆಸರು.

ಮೊನ್ನೆ ಒಂದು ಚೀಲದೊಳಗೇ ಹೆತ್ತಿತ್ತು.
ಮೊಟ್ಟೆಯ ಗೊಡವೆಯಿಲ್ಲ ಇದರ ಕುಲಕ್ಕೆ,
ನೇರ ಮರಿಗಳು, ಹನ್ನೊಂದು,
ಬಲೆ ಹೊಲಿದು ಉಳಿದ ದಾರದ ತುಂಡುಗಳಂತೆ.
ಮೂಗಿಗೆ ಆಗಲೇ ಎರಡೆರಡು ಕುಡಿ.
ತಟ್ಟೆಗೆ ಹಾಕಿದೆ. ಮುಳ್ಳು ಅಲುಗಲಿಲ್ಲ.
ತಟ್ಟೆಯ ತಳದಲ್ಲಿ ಬೆರಳಗಲ ಮಳೆನೀರು;
ಅದರಲ್ಲೇ ಒಂದು ಮರಿ
ಯಾರೂ ಕಲಿಸದೆ
ಕತ್ತು ಬಾಗಿಸಿ ಕಾಯತೊಡಗಿತು.

'ತಟ್ಟೆ ಕೊಳೆಯಾಗಿದೆ' ಎಂದು
ಬಗ್ಗಿ ಸರೋವರದಲ್ಲಿ ಅದ್ದಿ ತೊಳೆದೆ.
ಮಾವ ಬೀಡಿ ಹಚ್ಚುವುದರಲ್ಲಿದ್ದ,
ಅಥವಾ ಹಚ್ಚಿ ಮುಗಿದಿತ್ತು.

ಆಮೇಲೆ ತಾಯಿಯನ್ನು ತೂಗಿದೆವು.
ಬರೆದುಕೊಂಡ.