ಒಂದು ಗೇಣು

ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ. ಬೆಳಗಿನ ಐದೂವರೆ.
ಟ್ರಕ್ಕಿನ ಎಂಜಿನ್ನು ಕೆಮ್ಮುತ್ತದೆ,
ನನ್ನ ಎಡಮಂಡಿ ಅದಕ್ಕೆ ಉತ್ತರ ಕೊಡುತ್ತದೆ.
ಕ್ರೂಕ್‌ಸ್ಟನ್ ದಾಟಿ, ರೈಲುಹಳಿ ದಾಟಿ,
ಹೆಂಡತಿಯ ಚಿಕ್ಕಪ್ಪನ ಆಲೂಗಡ್ಡೆ ಗೋದಾಮು.
ಅದರ ಮುಕ್ಕಾಲು ಭಾಗದಲ್ಲಿ ಗಡ್ಡೆಗಳು
ಮೊಳೆಯದಂತೆ, ಕೊಳೆಯದಂತೆ
ಕತ್ತಲಲ್ಲಿ ಮಲಗಿವೆ.
ಉಳಿದ ಕಾಲುಭಾಗ ನನ್ನದು:
ಒಂದು ಕಬ್ಬಿಣದ ಕಂಬಿ, ಬಿಲ್ಲೆಗಳು,
ಟ್ರ್ಯಾಕ್ಟರಿನ ಹಳೆ ಟೈರು,
ಸೀಮೆಸುಣ್ಣದ ಡಬ್ಬಿ,
ಮತ್ತೆ ಲವೋನ್.

ಲವೋನ್ ಹಾಲ್ವರ್‌ಸನ್, ಅರವತ್ತೆಂಟು.
ನನ್ನ ಹೈಸ್ಕೂಲಿನ ಡ್ರಿಲ್ ಟೀಚರು,
ಒಂದು ಕಾಲಕ್ಕೆ ಗುಂಡು ಎಸೆದು ರಾಜ್ಯಕ್ಕೇ ಮೊದಲು ಬಂದವಳು.
ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು,
ಕೈಗವಸು ಕಳಚದೆಯೇ ಪೆನ್ಸಿಲ್ ಹಿಡಿದು
ಎಣಿಸುತ್ತಾಳೆ. ಹೊಗಳುವುದಿಲ್ಲ.
"ಆರು" ಎನ್ನುತ್ತಾಳೆ. ನಾನು ಏಳು ಮಾಡಿದ್ದೆ.
ಒಂದು ಅವಳಿಗೆ ಸರಿಕಂಡಿಲ್ಲ, ಅಷ್ಟೆ.

ನನ್ನ ಕಸುಬು ಕೂರುವುದು.
ಬೇರೆಯವರು ಓಡಿ ಹೆಸರಾದರು, ಹೊಡೆದು ಹೆಸರಾದರು;
ನಾನು ಬ್ಯಾಟು ಬೀಸುವವನ ಬೆನ್ನಿಗೆ
ಕುಕ್ಕರಗಾಲಲ್ಲಿ ಕೂತು
ಹನ್ನೊಂದು ಬೇಸಿಗೆ ಉಂಡವನು.
ಒಂದು ಆಟಕ್ಕೆ ನೂರೈವತ್ತು ಬಸ್ಕಿ,
ಒಂದು ಬೇಸಿಗೆಗೆ ನೂರು ಆಟ.
ಯಾವ ತಪ್ಪಿಗೆ ಎಂದು ಯಾವ ಮೇಷ್ಟ್ರೂ ಹೇಳಿಲ್ಲ.
ಈಗ ರಜ. ರಜದಲ್ಲೂ ಬಸ್ಕಿ,
ಹೆಗಲ ಮೇಲೆ ಮುನ್ನೂರು ಪೌಂಡು ಕೂರಿಸಿಕೊಂಡು.

ಭಾರದ ವಿಷಯ ಹೇಳುತ್ತೇನೆ ಕೇಳಿ.
ಮುನ್ನೂರು ಪೌಂಡಿಗೆ ನಾನು ಹೆದರುವುದಿಲ್ಲ.
ಅದು ಎದುರಿಗೆ ಬಂದು ನಿಲ್ಲುವ ಗೂಳಿ, ಅದಕ್ಕೊಂದು ಮುಖವಿದೆ.
ಹೆದರುವುದು ಕೊನೆಯಲ್ಲಿ ಅವಳು ಕೈಗಿಡುವ
ಎರಡು ಪೌಂಡಿನ ಗುಲಾಬಿ ಬಣ್ಣದ ಡಂಬೆಲ್ಲಿಗೆ.
ಮೊಣಕೈ ಪಕ್ಕೆಗೆ ಅಂಟಿಸಿ, ಬಾಗಿಲು ತೆರೆದ ಹಾಗೆ
ಹೊರಕ್ಕೆ, ನಿಧಾನ, ಇನ್ನೂ ನಿಧಾನ.
ಹೆಗಲ ಒಳಗೆಲ್ಲೋ ನನಗೆ ಹೆಸರು ಗೊತ್ತಿಲ್ಲದ ಒಂದು ಎಳೆ
ಗೂಡ್ಸ್ ರೈಲು ಹಾಯುವಾಗಿನ ಕಿಟಕಿ ಗಾಜಿನ ಹಾಗೆ
ನಡುಗುತ್ತದೆ.
ಹದಿನೈದನೆಯದಕ್ಕೆ ನನ್ನ ಕಣ್ಣಲ್ಲಿ ನೀರು.
ಅವಳು: "ಹನ್ನೆರಡು."

ಇಷ್ಟೆಲ್ಲ ಒಂದು ಗೇಣಿಗೆ.
ಸೆಪ್ಟೆಂಬರಿನ ಕೊನೆಯ ವಾರ, ಒಂಬತ್ತನೆಯ ಇನ್ನಿಂಗ್ಸ್,
ಅವನು ಮೊದಲ ಬೇಸಿನಿಂದ ಕದ್ದು ಹೊರಟ.
ನಾನು ಎದ್ದೆ, ಎಸೆದೆ. ಎರಡು ಸೆಕೆಂಡು.
ಚೆಂಡು ಬಂತು, ಕಾಲೂ ಬಂತು,
ಚೆಂಡಿಗಿಂತ ಒಂದು ಗೇಣು ಮೊದಲು ಕಾಲು.
ಮ್ಯಾನೇಜರು ನನ್ನ ಕಡೆ ನೋಡಲಿಲ್ಲ.
ನೋಡಿ ಬೈದಿದ್ದರೆ ಚೆನ್ನಾಗಿತ್ತು.
ಈಗ ಫ್ಲಾರಿಡಾದಲ್ಲಿ ಇಪ್ಪತ್ತೊಂದರ ಹುಡುಗನೊಬ್ಬ,
ಯಾರಿಯೆಲ್ ಅಂತ, ಒಳ್ಳೆಯವನೇ,
ಮಂಡಿ ಅಂದರೇನೆಂದೇ ಗೊತ್ತಿಲ್ಲದೆ
ಕೂತು ಏಳುತ್ತಿದ್ದಾನಂತೆ.

"ಎಷ್ಟು ತಡವಾಯಿತು ಅಂದೆ?" ಲವೋನ್ ಒಮ್ಮೆ ಕೇಳಿದಳು.
ತೋರಿಸಿದೆ. ಅವಳೂ ಗವಸು ಕಳಚಿ ಕೈ ಬಿಚ್ಚಿದಳು.
ಗಂಟುಗಟ್ಟಿದ ಬೆರಳು, ಪೂರ್ತಿ ಅಗಲಲಿಲ್ಲ.
"ನನ್ನ ಗೇಣಾದರೆ ಇಷ್ಟೇ," ಅಂದಳು,
"ಇದನ್ನೇ ಅಳತೆಗೆ ಇಟ್ಟುಕೋ, ಕೆಲಸ ಕಮ್ಮಿ."
ಅದೊಂದೇ ನಗೆಮಾತು ಇಡೀ ಚಳಿಗಾಲಕ್ಕೆ.

ಫೆಬ್ರವರಿ ಒಂದರವರೆಗೆ ಎಸೆಯಕೂಡದು. ಅವಳ ಕಾನೂನು.
ಇವತ್ತು ಜನವರಿ ಇಪ್ಪತ್ಮೂರು.
ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಾಗ
ರಾಶಿಯಿಂದ ಉರುಳಿಬಂದ ಒಂದು ಗಡ್ಡೆ
ಕಾಲಿಗೆ ತಾಗಿತು. ಮಣ್ಣು ಮೆತ್ತಿದ್ದು, ದುಂಡಗೆ,
ಅಂಗೈಗೆ ಹೇಳಿ ಮಾಡಿಸಿದ ಹಾಗೆ.
ಕೂತೆ. ಎದ್ದೆ.
ಗೋದಾಮಿನ ಆ ತುದಿಯ ತಗಡು
ಇಡೀ ಜಿಲ್ಲೆಗೆ ಕೇಳುವಂತೆ ಕೂಗಿತು.

ಲವೋನ್ ತಲೆ ಎತ್ತಲಿಲ್ಲ.
ಕಾಫಿ ಬಗ್ಗಿಸಿಕೊಂಡಳು,
ನೋಟ್‌ಬುಕ್ಕಿನಲ್ಲಿ ಏನೋ ಬರೆದಳು.
ಒಂದು ಅಂಕಿ. ನನಗೆ ತೋರಿಸಲಿಲ್ಲ.