ಒಳಗೆ ಬಿಟ್ಟ ಬಟ್ಟೆ

ಕಟ್ಟಿನಕೆರೆ ಮಾರ್ಕೆಟ್ ಹಿಂದೆ
ಒಂದು ಮಿಷನ್ ಹಿಡಿಯುವಷ್ಟು ಅಂಗಡಿ.
ಹೊರಗೆ ಶುಂಠಿ ಲಾರಿ ರಿವರ್ಸ್ ಬರ್ತಿದೆ,
ನಾನು ನನ್ನದೇ ರವಿಕೆ ಹಿಡಿದು ಹೊಲೀತಿದ್ದೀನಿ,
ಯುಗಾದಿ ಆದಮೇಲೆ ಇದು ಮೂರನೇ ಸಲ.

ಡಾಕ್ಟರು ತಿಂಗಳ ಲೆಕ್ಕ ಹೇಳಿದ್ರು.
ದೀಪಾವಳಿ ಆರ್ಡರ್ ತಗೊಳ್ಲೋ ಬೇಡ್ವೋ ಅಂತ
ಒಂದಿಡೀ ದಿನ ಯೋಚಿಸಿ
ತಗೊಂಡೆ. ಅಡ್ವಾನ್ಸ್ ಮಾತ್ರ ಮುಟ್ಟಲಿಲ್ಲ.
ಪೋಸ್ಟಾಫೀಸಿನ ಪ್ರಮೀಳ ಅಲ್ಲೇ ಅತ್ತಳು;
ರೇಷ್ಮೆ ಮೇಲೆ ನೀರು ಬಿದ್ರೆ ಕಲೆ ಕಣೇ, ಅಂತ ಬೈದೆ.

ನೋವು ಬರೋದು ರಾತ್ರಿ ಎರಡಕ್ಕೆ,
ಅಳತೆ ಕೊಡದೆ ಅರ್ಜೆಂಟು ಅನ್ನೋ ಗಿರಾಕಿ.
ಮಾತ್ರೆ ನುಂಗಿ, ಕೂತ್ಕೋ ಅಂತೀನಿ,
ಕಾಜಾ ಹೊಲೀತೀನಿ.
ಕೆಲವು ರಾತ್ರಿ ಅದೂ ಆಗಲ್ಲ.
ಗೋಡೆಗೆ ಬೆನ್ನು ಕೊಟ್ಟು ಅಳ್ತೀನಿ, ದನಿ ತೆಗೆದೇ.

ಈಗ ತಸ್ಲೀಮ ಕತ್ತರಿ ಹಿಡಿದು ನಿಂತಿದ್ದಾಳೆ:
ಅಕ್ಕಾ, ಒಳಗೆ ಇಷ್ಟು ಬಟ್ಟೆ ಉಳಿದಿದೆ,
ಕತ್ತರಿಸ್ಲಾ? ಚುಚ್ಚಲ್ವಾ?

ಚುಚ್ಚುತ್ತೆ. ಇರ್ಲಿ.
ಬಿಚ್ಚಿದ್ರೆ ನಿನಗಾಗುತ್ತೆ.

ಅವಳು ಸುಮ್ಮನೆ ಬಾಬಿನ್ ಸುತ್ತಿದಳು,
ದಾರ ತುಂಬಿ ಹೊರಗೆ ಬರೋವರೆಗೂ.

ಲಾರಿ ಹೋಯ್ತು. ಎಷ್ಟೋ ದಿನದ ಮೇಲೆ
ಶುಂಠಿ ವಾಸನೆಗೆ ಹಸಿವಾಯ್ತು.
ಟೀ ತರ್ಸು, ಅಂದೆ. ಬನ್ನೂ.